ಅಗ್ವಾರಿಕೊ ಕಾಡಿನ ಧರ್ಮಸೀಮೆ

ಮಸಾಲೆ ಡಬ್ಬಿಯಲ್ಲಿ ಚಕ್ಕೆ ಇಲ್ಲದ ಅಡಿಗೆಮನೆ ನಮ್ಮಲ್ಲಿ ಕಡಮೆ. ಈ ಚಕ್ಕೆಯ ಆಸೆಗಾಗಿ 1541ರಲ್ಲಿ ಸ್ಪೇನ್ ದೇಶದವರ ಒಂದು ದಂಡು ದಕ್ಷಿಣ ಅಮೆರಿಕದ ಕೀಟೊ ನಗರದಿಂದ ಹೊರಟು, ಆಂಡಿಸ್ ಪರ್ವತಗಳನ್ನು ಹತ್ತಿ ಇಳಿದು, ಪೂರ್ವದ ದಟ್ಟ ಕಾಡನ್ನು ಹೊಕ್ಕಿತು. ಅದರ ನಾಯಕ ಗೊನ್ಸಾಲೊ ಪಿಸಾರೊ. ಕಾಡಿನಲ್ಲಿ ದಾಲ್ಚಿನ್ನಿಯ ನಾಡೊಂದಿದೆ, ಅದರಾಚೆಗೆ ಚಿನ್ನದ ದೊರೆಯ ರಾಜ್ಯವಿದೆ ಎಂದು ಅವನು ಕೇಳಿದ್ದ. ಸಿಕ್ಕಿದ್ದು ಮಳೆ, ಕೆಸರು, ಹಸಿವು. ಆಹಾರ ಹುಡುಕಿ ತರುತ್ತೇನೆಂದು ಅವನ ಜೊತೆಗಾರ ಫ್ರಾನ್ಸಿಸ್ಕೊ ಒರೆಯಾನ ಕೆಲವರೊಡನೆ ನಾಪೊ ನದಿಯ ಜಾಡು ಹಿಡಿದು ಕೆಳಕ್ಕೆ ಹೋದವನು ಹಿಂತಿರುಗಲೇ ಇಲ್ಲ. ನೀರು ಎಳೆದುಕೊಂಡು ಹೋದಂತೆ ಹೋಗಿ ಆಮೆಜಾನ್ ಮಹಾನದಿಯನ್ನು ಸೇರಿ, 1542ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಮುದ್ರವನ್ನು ಕಂಡ. ಅವನೊಡನಿದ್ದ ಗಾಸ್ಪಾರ್ ಕಾರ್ವಾಹಾಲ್ ಎಂಬ ಕ್ರೈಸ್ತ ಸಂನ್ಯಾಸಿ ಆ ಪಯಣದ ಕಥೆಯನ್ನು ಬರೆದಿಟ್ಟ.

ಆ ಕಾಡಿಗೆ ಹೊರಗಿನವರು ಬಂದ ಕಥೆ ಆರಂಭವಾಗುವುದು ಹೀಗೆ. ಒಬ್ಬ ಏನನ್ನೊ ಬಯಸಿ ಬಂದ; ಮತ್ತೊಬ್ಬ ಶಿಲುಬೆ ಹಿಡಿದು ಅವನ ದೋಣಿಯಲ್ಲಿಯೇ ಬಂದ. ಈ ಇಬ್ಬರ ಜೊತೆ ಮುಂದೆ ನಾಲ್ಕು ಶತಮಾನಗಳವರೆಗೂ ಬಿಡಲಿಲ್ಲ. ಅದನ್ನು ಬಿಡಿಸಿಕೊಳ್ಳಬೇಕಾದ ಕಾಲ ಬಂದಾಗ ಅಲ್ಲಿಯ ಒಂದು ಸಣ್ಣ ಧರ್ಮಸೀಮೆ ಏನು ಮಾಡಿತು, ಅದಕ್ಕೆ ಏನು ಬೆಲೆ ತೆತ್ತಿತು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ದಕ್ಷಿಣ ಅಮೆರಿಕದ ಭೂಪಟವನ್ನು ಮುಂದಿಟ್ಟುಕೊಳ್ಳಿ. ಪಶ್ಚಿಮದ ಅಂಚಿನಲ್ಲಿ, ಭೂಮಧ್ಯರೇಖೆಯ ಮೇಲೆಯೇ, ಎಕ್ವಡೋರ್ ಎಂಬ ಪುಟ್ಟ ದೇಶವಿದೆ; ಅದರ ಹೆಸರಿನ ಅರ್ಥವೂ ಭೂಮಧ್ಯರೇಖೆಯೆಂದೇ. ನಡುವೆ ಆಂಡಿಸ್ ಸಾಲು. ಪಶ್ಚಿಮಕ್ಕೆ ಕಡಲ ತೀರ. ಪೂರ್ವಕ್ಕೆ ಇಳಿದರೆ ಆಮೆಜಾನ್ ಕಾಡು. ಈ ಪೂರ್ವಭಾಗವನ್ನು ಆ ದೇಶದವರು ‘ಓರಿಯೆಂತೆ’, ಎಂದರೆ ಮೂಡಣ ಸೀಮೆ, ಎನ್ನುತ್ತಾರೆ. ಅಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ನಮ್ಮ ಕರಾವಳಿಯಲ್ಲಾದರೊ ಮಳೆಗಾಲವೆಂದು ನಾಲ್ಕು ತಿಂಗಳಿದೆ. ಸುರಿಯುವಷ್ಟು ಸುರಿದು ಆಮೇಲೆ ಹಪ್ಪಳ ಒಣಗಿಸುವಷ್ಟು ಬಿಸಿಲು ಬರುತ್ತದೆ. ಅಲ್ಲಿ ಹಾಗಿಲ್ಲ. ಮಳೆ ಬಾರದ ತಿಂಗಳೇ ಇಲ್ಲ. ನೆಲ ಒಣಗುವುದಿಲ್ಲ, ಆದ್ದರಿಂದ ಬಹುಕಾಲ ಹಾದಿಯೆಂಬುದೂ ಇರಲಿಲ್ಲ. ನದಿಗಳೇ ಹಾದಿಗಳು. ನಾಪೊ, ಕೋಕಾ, ಪಯಾಮಿನೊ ಎಂಬ ಮೂರು ನದಿಗಳು ಕೂಡುವ ಕಡೆ ಒರೆಯಾನನ ಹೆಸರು ಹೊತ್ತ ಪಟ್ಟಣವಿದೆ. ಜನ ಮಾತ್ರ ಅದನ್ನು ಕೋಕಾ ಎಂದೇ ಕರೆಯುತ್ತಾರೆ. ಅಲ್ಲಿಂದ ಪೆರು ದೇಶದ ಗಡಿಯಲ್ಲಿರುವ ನ್ವೇವೊ ರೊಕಫ್ವೆರ್ತೆ ಎಂಬ ಊರಿಗೆ ಯಂತ್ರದ ದೋಣಿಯಲ್ಲಿ ಹೊರಟರೂ ಪಯಣ ಹೆಚ್ಚುಕಡಮೆ ಇಡೀ ಹಗಲಿನದು. ಈ ಸೀಮೆಯೇ ಅಗ್ವಾರಿಕೊ ವಿಕಾರಿಯೇಟ್. ಅಗ್ವಾರಿಕೊ ಎಂಬುದು ನಾಪೊವನ್ನು ಸೇರುವ ಒಂದು ಉಪನದಿಯ ಹೆಸರು. ಸಮೃದ್ಧವಾದ ನೀರು ಎಂದು ಅದರ ಅರ್ಥ.

ವಿಕಾರಿಯೇಟ್ ಎಂಬ ಮಾತು ಕಿವಿಗೆ ಪರಕೀಯವಾಗಿ ಕೇಳಿಸಬಹುದು. ಆದರೆ ನಮ್ಮ ನಾಡಿಗೆ ಅದು ಹೊಸದಲ್ಲ. ಕ್ಯಾಥೊಲಿಕ್ ಧರ್ಮಸಭೆ ತನ್ನ ಜನ ನೆಲೆಯೂರಿ ನಿಂತ ಕಡೆಯಲ್ಲಿ ಧರ್ಮಪ್ರಾಂತವನ್ನು ಏರ್ಪಡಿಸಿ ಅದಕ್ಕೊಬ್ಬ ಬಿಷಪ್ಪರನ್ನು ನೇಮಿಸುತ್ತದೆ. ಜನ ವಿರಳ, ದಾರಿಯಿಲ್ಲ, ಸ್ಥಳೀಯ ಗುರುಗಳಿಲ್ಲ, ವರಮಾನವಿಲ್ಲ ಎಂಬಂಥ ಸೀಮೆಯನ್ನಾದರೆ ಪೋಪ್ ಗುರುಗಳು ತಮ್ಮ ಹೆಸರಿನಲ್ಲಿಯೇ ಇಟ್ಟುಕೊಂಡು, ತಮ್ಮ ಪರವಾಗಿ ನೋಡಿಕೊಳ್ಳಲು ಒಬ್ಬರನ್ನು ಕಳುಹಿಸುತ್ತಾರೆ. ಮೊದಲ ಮೆಟ್ಟಿಲಲ್ಲಿ ಅದು ಪ್ರಿಫೆಕ್ಚರ್. ಸ್ವಲ್ಪ ಬೆಳೆದ ಮೇಲೆ ಅಪೋಸ್ತಲಿಕ ವಿಕಾರಿಯೇಟ್. ಕಾಲ ಕೂಡಿ ಬಂದಾಗ ಧರ್ಮಪ್ರಾಂತ. ಜಹಗೀರಿಗೂ ಅಮಲ್ದಾರಿಕೆಗೂ ಹಿಂದೆ ನಮ್ಮಲ್ಲಿದ್ದ ವ್ಯತ್ಯಾಸವನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ನಮ್ಮ ಮೈಸೂರೂ ಮಂಗಳೂರೂ ಹಿಂದೆ ಇಂಥ ವಿಕಾರಿಯೇಟುಗಳೇ ಆಗಿದ್ದುವು. 1886ರಲ್ಲಿ 13ನೆಯ ಲಿಯೊ ಪೋಪರು ಭಾರತದಲ್ಲಿ ಧರ್ಮಪ್ರಾಂತಗಳನ್ನು ಏರ್ಪಡಿಸಿದಾಗ ಅವುಗಳಿಗೆ ಬಡ್ತಿ ದೊರೆಯಿತು. ಇಂಥ ಸೀಮೆಗಳನ್ನು ಯಾವುದಾದರೂ ಒಂದು ಧಾರ್ಮಿಕ ಸಂಘದ ಹೆಗಲಿಗೆ ಹೊರಿಸುವುದು ರೂಢಿ. ಮೈಸೂರು ಪ್ಯಾರಿಸಿನ ವಿದೇಶ ಮಿಶನ್ ಸಂಘದವರ ಕೈಯಲ್ಲಿತ್ತು. ಮಂಗಳೂರು 1878ರ ಕೊನೆಯಿಂದ ಜೆಸ್ವಿಟರ ಕೈಗೆ ಬಂತು. ಎಕ್ವಡೋರಿನ ಮೂಡಣ ಕಾಡಿನಲ್ಲಿ ಇಂಥ ವಿಕಾರಿಯೇಟುಗಳು ಆರು. ಅವುಗಳಲ್ಲಿ ಅಗ್ವಾರಿಕೊ ಕಪುಚಿನ್ ಸಂನ್ಯಾಸಿಗಳ ಪಾಲಿಗೆ ಬಂದುದು.

ಕಪುಚಿನ್ನರೆಂದರೆ ಸಂತ ಫ್ರಾನ್ಸಿಸನ ಬಡತನದ ವ್ರತವನ್ನು ಹಿಡಿದವರು. ಕಂದು ಬಣ್ಣದ ನಿಲುವಂಗಿ, ಅದಕ್ಕೊಂದು ಕುಲಾವಿ, ಸೊಂಟಕ್ಕೆ ಹಗ್ಗ. 1953ರಲ್ಲಿ ನಾಪೊ ವಿಕಾರಿಯೇಟಿನಿಂದ ಅಗ್ವಾರಿಕೊವನ್ನು ಬೇರೆ ಮಾಡಿ ಪ್ರಿಫೆಕ್ಚರನ್ನಾಗಿ ರಚಿಸಿದಾಗ ಸ್ಪೇನಿನ ಉತ್ತರ ಭಾಗದ ಕಪುಚಿನ್ನರು ಅದನ್ನು ವಹಿಸಿಕೊಂಡರು. ರೋಮಿನಲ್ಲಿ ನಕ್ಷೆಯ ಮೇಲೆ ಗೆರೆ ಎಳೆಯುವುದು ಸುಲಭ. ಆ ಗೆರೆಯೊಳಗೆ ಇದ್ದವರು ಯಾರು? ನಾಪೊ ದಡದ ಉದ್ದಕ್ಕೂ ಕಿಚ್ವಾ ಮಾತಿನ ಜನ. ಇವರಲ್ಲಿ ಬಹುಮಂದಿ ದೊಡ್ಡ ಜಮೀನ್ದಾರರ ಬಳಿ ತೀರದ ಸಾಲದ ಲೆಕ್ಕಕ್ಕೆ ಜೀತಕ್ಕಿದ್ದವರು. ಅವರ ಹಿಂದಿನ ತಲೆಮಾರು ರಬ್ಬರು ವ್ಯಾಪಾರಿಗಳ ಕೈಯಲ್ಲಿ ನರಕವನ್ನು ಕಂಡಿತ್ತು. ಅಗ್ವಾರಿಕೊ ನದಿಯ ಕಡೆ ಸೆಕೊಯ, ಸಿಯೊನ, ಕೊಫಾನ್ ಎಂಬ ಸಣ್ಣ ಪಂಗಡಗಳು. ಸಂನ್ಯಾಸಿಗಳು ದೋಣಿಯಲ್ಲಿ ಊರೂರಿಗೆ ಹೋದರು, ಶಾಲೆ ತೆರೆದರು, ನ್ವೇವೊ ರೊಕಫ್ವೆರ್ತೆಯಲ್ಲಿ ಆಸ್ಪತ್ರೆಯ ಕೆಲಸಕ್ಕೆ ಕೈ ಹಾಕಿದರು, ಕಿಚ್ವಾ ಕಲಿತರು. ಇದೆಲ್ಲ ಯಾವ ಮಿಶನ್ ಸೀಮೆಯಲ್ಲಿಯೂ ನಡೆಯುವಂಥ ಕೆಲಸ. ನಾಪೊ ನದಿಯ ದಕ್ಷಿಣಕ್ಕೆ ಮಾತ್ರ ಯಾರೂ ಹೋಗುತ್ತಿರಲಿಲ್ಲ. ಆ ಕಡೆಯ ಕಾಡು ‘ಆವುಕಾ’ಗಳದು. ಆವುಕಾ ಎಂಬುದು ಕಿಚ್ವಾ ಭಾಷೆಯ ಮಾತು: ಶತ್ರು, ಕಾಡುಮನುಷ್ಯ ಎಂದು ಅದರ ಅರ್ಥ.

ಅವರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು ವಾವೊರಾನಿ. ಎಂದರೆ ಮನುಷ್ಯರು, ಅಷ್ಟೆ. ಹೊರಗಿನವರೆಲ್ಲ ‘ಕೊವೊದೆ’: ನಂಬಬಾರದವರು, ಮನುಷ್ಯರನ್ನು ತಿನ್ನುವವರು. ಅವರ ನುಡಿಗೆ ನಂಟು ಹೇಳಬಹುದಾದ ಬೇರೆ ಯಾವ ಭಾಷೆಯೂ ಇದುವರೆಗೆ ಸಿಕ್ಕಿಲ್ಲ. ಗರಿ ಹೊದಿಸಿದ ಉದ್ದನೆಯ ಮನೆಯಲ್ಲಿ ಕೆಲವು ಸಂಸಾರಗಳು ಕೂಡಿ ಬಾಳುತ್ತಿದ್ದುವು. ನಾರಿನ ಜೋಲಿಗಳಲ್ಲಿ ಮಲಗುವುದು, ಮರಗೆಣಸು ಬೆಳೆಯುವುದು, ವಿಷ ಸವರಿದ ಕಡ್ಡಿಯನ್ನು ಊದುಕೊಳವೆಯಿಂದ ಹಾರಿಸಿ ಕೋತಿಗಳನ್ನು ಹೊಡೆಯುವುದು, ಗಟ್ಟಿಯಾದ ತಾಳೆಮರದ ಈಟಿಯಿಂದ ಕಾಡುಹಂದಿಯನ್ನು ತಿವಿಯುವುದು. ಆ ಈಟಿಯೇ ಹಗೆ ತೀರಿಸುವುದಕ್ಕೂ ಬರುತ್ತಿತ್ತು. ಒಂದು ಕೊಲೆಗೆ ಮತ್ತೊಂದು, ಅದಕ್ಕೆ ಮಗದೊಂದು ಎಂದು ಅವರವರಲ್ಲಿಯೇ ವೈರ ಬೆಳೆದು ಮನೆಮನೆಗಳು ಬರಿದಾದುದುಂಟು. ಹೊಸಬರು ಸಿಕ್ಕಿದರೆ ‘ನೀವು ಯಾರ ಪೈಕಿ?’ ಎಂದು ಕೇಳುವುದು ನಮ್ಮ ಹಳ್ಳಿಗಳಲ್ಲಿ ವಾಡಿಕೆಯಷ್ಟೆ. ನಮ್ಮಲ್ಲಿ ಅದು ಕುಶಲದ ಮಾತು. ಅಲ್ಲಿ ಬದುಕುವುದೂ ಸಾಯುವುದೂ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿತ್ತು.

ಇವರ ಹೆಸರು ಲೋಕಕ್ಕೆಲ್ಲ ತಿಳಿದುದು 1956ರ ಜನವರಿಯಲ್ಲಿ. ಅಮೆರಿಕದ ಐವರು ಪ್ರಾಟೆಸ್ಟಂಟ್ ಮಿಶನರಿ ತರುಣರು ಕುರಾರಾಯ್ ನದಿಯ ಮರಳ ದಂಡೆಯ ಮೇಲೆ ವಿಮಾನ ಇಳಿಸಿ ಅವರ ಸ್ನೇಹಕ್ಕೆ ಕೈ ಚಾಚಿದರು. ಐವರೂ ಈಟಿಗೆ ಬಲಿಯಾದರು. ಎರಡು ವರ್ಷಗಳ ತರುವಾಯ, 1958ರಲ್ಲಿ, ಸತ್ತವರಲ್ಲಿ ಒಬ್ಬರ ಅಕ್ಕ ರೇಚೆಲ್ ಸೇಂಟ್, ಇನ್ನೊಬ್ಬರ ಪತ್ನಿ ಎಲಿಸಬೆತ್ ಎಲಿಯಟ್, ಇಬ್ಬರೂ ಅದೇ ವಾವೊರಾನಿಗಳ ನಡುವೆ ಹೋಗಿ ವಾಸಮಾಡಿದರು. ಹಿಂದೆಯೇ ವಾವೊರಾನಿಗಳ ಕಂಡ ಕಂಡ ಗುಂಪುಗಳನ್ನೆಲ್ಲ ಒಂದು ಮೀಸಲು ಪ್ರದೇಶಕ್ಕೆ ಕರೆತಂದು ನೆಲೆಗೊಳಿಸುವ ಪ್ರಯತ್ನ ನಡೆಯಿತು. ಕೊಲೆಗಳು ಕಡಮೆಯಾದುವು, ನಿಜ. ಆದರೆ 1969ರಲ್ಲಿ ಅಲ್ಲಿ ಪೋಲಿಯೊ ಹಬ್ಬಿತು. ಕಾಡಿನಲ್ಲಿ ಚದರಿ ಬಾಳುತ್ತಿದ್ದವರು ಒಂದೆಡೆ ಕಿಕ್ಕಿರಿದಾಗ ಹೊರಗಿನ ಜಾಡ್ಯಕ್ಕೆ ದಾರಿ ಸಲೀಸಾಯಿತು. ಅಲ್ಲಿಗೆ ಬರಲೊಲ್ಲದೆ 1960ರ ದಶಕದ ಕೊನೆಯಲ್ಲಿ ತಗಾಯೆ ಎಂಬವನು ತನ್ನವರನ್ನು ಕರೆದುಕೊಂಡು ಕಾಡಿನ ಇನ್ನೂ ಒಳಕ್ಕೆ ಸರಿದುಹೋದ. ಅವನ ಕಡೆಯವರೇ ತಗಾಯೆರಿಗಳು.

ಅವರು ಒಳಕ್ಕೆ ಸರಿದ ಕಾಲಕ್ಕೇ ಹೊರಗಿನಿಂದ ಮತ್ತೊಂದು ಸೈನ್ಯ ಬರುತ್ತಿತ್ತು. 1967ರಲ್ಲಿ ಅಗ್ವಾರಿಕೊ ನದಿಯ ಮೇಲ್ಭಾಗದಲ್ಲಿ ಟೆಕ್ಸಾಕೊ ಮತ್ತು ಗಲ್ಫ್ ಕಂಪನಿಗಳು ಕೊರೆದ ಬಾವಿಯಲ್ಲಿ ಎಣ್ಣೆ ಚಿಮ್ಮಿತು. ಟೆಕ್ಸಾಕೊ ಹುಟ್ಟಿದ ಊರಾದ ಟೆಕ್ಸಾಸಿನ ‘ಹುಳಿ ಕೊಳ’ದ ನೆನಪಿಗಾಗಿ ಆ ಸ್ಥಳಕ್ಕೆ ‘ಲಾಗೊ ಆಗ್ರಿಯೊ’ ಎಂದು ಹೆಸರಾಯಿತು; ಅದರ ಅರ್ಥವೂ ಹುಳಿ ಕೊಳವೆಂದೇ. ಸಮೃದ್ಧ ನೀರಿನ ಪಕ್ಕದಲ್ಲಿ ಹುಳಿ ಕೊಳ! 1972ರಲ್ಲಿ ಆಂಡಿಸ್ ಪರ್ವತವನ್ನು ದಾಟಿ ಕಡಲವರೆಗೆ ಸುಮಾರು 500 ಕಿಲೋಮೀಟರ್ ಉದ್ದದ ಕೊಳವೆ ಸಾಲು ಮುಗಿದು ಎಕ್ವಡೋರ್ ತೈಲ ಮಾರುವ ದೇಶವಾಯಿತು. ಕೊಳವೆಯ ಪಕ್ಕದಲ್ಲಿ ರಸ್ತೆ ಬಂತು. ರಸ್ತೆಯ ಹಿಂದೆ ಬೆಟ್ಟದ ನಾಡಿನ ಬಡ ಒಕ್ಕಲಿಗರು ಕೊಡಲಿ ಹಿಡಿದು ನೆಲ ಹುಡುಕಿಕೊಂಡು ಬಂದರು. ಕೋಕಾ ಪಟ್ಟಣದಿಂದ ದಕ್ಷಿಣಕ್ಕೆ, ವಾವೊರಾನಿಗಳ ಕಾಡಿನೊಳಕ್ಕೇ ಒಂದು ದಾರಿ ಸೀಳಿಕೊಂಡು ಹೋಯಿತು. ಅದಕ್ಕಿಟ್ಟ ಹೆಸರು ‘ಆವುಕಾ ರಸ್ತೆ’. ಯಾರ ಮನೆಯನ್ನು ಒಡೆದು ರಸ್ತೆ ಮಾಡಿದರೊ ಅವರ ಬೈಗುಳದ ಹೆಸರನ್ನೇ ರಸ್ತೆಗಿಟ್ಟರು. 1977ರಲ್ಲಿ ತೈಲ ಹುಡುಕುತ್ತಿದ್ದ ಮೂವರು ಕೆಲಸಗಾರರನ್ನು ತಗಾಯೆರಿಗಳು ಈಟಿಯಿಂದ ಕೊಂದರು. ಅವರೂ ಕೂಲಿಗೆ ಬಂದ ಬಡವರೆ. ತೈಲದ ಲಾಭ ಕಂಡವರಾರೂ ಈಟಿಯ ಅಳತೆಗೆ ಸಿಕ್ಕುವಷ್ಟು ಹತ್ತಿರ ಬರಲಿಲ್ಲ.

ಇಲ್ಲಿಗೆ ನಮ್ಮ ಕಥಾನಾಯಕರ ಪ್ರವೇಶ. ಅಲೆಹಾಂದ್ರೊ ಲಬಾಕ ಸ್ಪೇನಿನ ಬಾಸ್ಕ್ ಸೀಮೆಯ ಬೈಸಾಮ ಎಂಬ ಹಳ್ಳಿಯಲ್ಲಿ 1920ರಲ್ಲಿ ಹುಟ್ಟಿದವರು. ಕಪುಚಿನ್ನರಾಗಿ ದೀಕ್ಷೆ ಪಡೆದು 1947ರಲ್ಲಿ ಚೀನ ದೇಶದ ಗಾನ್ಸು ಪ್ರಾಂತಕ್ಕೆ ಮಿಶನರಿಯಾಗಿ ಹೋದರು. ಅಲ್ಲಿ ಆಳ್ವಿಕೆ ಬದಲಾದ ಮೇಲೆ ವಿದೇಶಿ ಪಾದ್ರಿಗಳಿಗೆ ಎಡೆಯಿಲ್ಲದಾಗಿ 1953ರಲ್ಲಿ ಹೊರಬೀಳಬೇಕಾಯಿತು. ಮರುವರ್ಷ ಎಕ್ವಡೋರಿಗೆ ಬಂದರು. 1965ರಿಂದ 1970ರವರೆಗೆ ಅಗ್ವಾರಿಕೊ ಪ್ರಿಫೆಕ್ಚರಿನ ಮುಖ್ಯಸ್ಥರಾಗಿದ್ದರು; ಆ ಅಧಿಕಾರದ ಮೇಲೆ 1965ರಲ್ಲಿ ರೋಮಿನ ಎರಡನೆಯ ವ್ಯಾಟಿಕನ್ ಮಹಾಸಭೆಯ ಕೊನೆಯ ಅಧಿವೇಶನದಲ್ಲಿ ಕುಳಿತರು. ಆಮೇಲೆ ಪದವಿಯನ್ನು ಬಿಟ್ಟು ಸಾಮಾನ್ಯ ಮಿಶನರಿಯಾಗಿ ದುಡಿದರು. ದೇವರ ವಾಣಿಯ ಬೀಜಗಳು ಎಲ್ಲ ಜನಾಂಗಗಳ ಬಾಳಿನಲ್ಲಿಯೂ ಹುದುಗಿವೆ, ಅವನ್ನು ಆದರದಿಂದ ಹುಡುಕಿ ಕಾಣಬೇಕು ಎಂದು ಆ ಮಹಾಸಭೆ ಸಾರಿತ್ತು. ಬಹುಮಂದಿಗೆ ಅದು ದಾಖಲೆಯ ಒಂದು ವಾಕ್ಯ. ಲಬಾಕರಿಗೆ ಅದು ಮಾಡಿ ನೋಡಬೇಕಾದ ಕೆಲಸವಾಗಿ ಕಂಡಿತು.

1976ರಲ್ಲಿ ತೈಲ ಶಿಬಿರಗಳ ಬಳಿಗೆ ಬರುತ್ತಿದ್ದ ವಾವೊರಾನಿಗಳ ಒಂದು ಗುಂಪಿನೊಡನೆ ಅವರಿಗೆ ಪರಿಚಯವಾಯಿತು. ಅವರ ಮನೆಗೆ ಹೋದರು, ಅಲ್ಲಿಯೇ ಮಲಗಿದರು, ಅವರ ಗೆಣಸು ಉಂಡರು. ಸೊಂಟಕ್ಕೊಂದು ನೂಲಿನ ದಾರ ಬಿಟ್ಟರೆ ವಾವೊರಾನಿಗಳಿಗೆ ಬೇರೆ ಉಡುಗೆಯಿರಲಿಲ್ಲ. ನಿಲುವಂಗಿಯ ಸಂನ್ಯಾಸಿ ಅವರ ನಡುವೆ ಬಟ್ಟೆ ಕಳಚಿ ಅವರಂತೆಯೇ ಇದ್ದರು. ಶತಮಾನಗಳಿಂದ ಮಿಶನರಿಗಳು ಕಾಡಿನವರಿಗೆ ಬಟ್ಟೆ ತೊಡಿಸುವುದನ್ನೇ ಮೊದಲ ಕೆಲಸವೆಂದುಕೊಂಡು ಬಂದಿದ್ದರೆಂಬುದನ್ನು ನೆನೆದರೆ ಇದರ ಮಹತ್ವ ನಿಮಗೆ ಗೊತ್ತಾಗುತ್ತದೆ. ಒಂದು ಸಂಸಾರದವರು ಅವರನ್ನು ಮಗನೆಂದು ಸ್ವೀಕರಿಸಿದರು. ಅಲ್ಲಿಗೆ ‘ಯಾರ ಪೈಕಿ?’ ಎಂಬ ಪ್ರಶ್ನೆಗೆ ಉತ್ತರ ದೊರೆತಂತಾಯಿತು, ಕೊವೊದೆ ಮನೆಯವನಾದ. ಲಬಾಕರು ಜ್ಞಾನಸ್ನಾನ ಕೊಡಲು ಅವಸರಪಡಲಿಲ್ಲ. ಮೊದಲು ಭಾಷೆ, ಮೊದಲು ನಂಟು. ಆ ದಿನಗಳಲ್ಲಿ ಅವರು ಬರೆದಿಟ್ಟ ಟಿಪ್ಪಣಿಗಳು ಮುಂದೆ ಪುಸ್ತಕವಾಗಿ ಬಂದಿವೆ.

1977ರಲ್ಲಿ ಕೊಲಂಬಿಯ ದೇಶದಿಂದ ಕಪುಚಿನ್ ಸಂಪ್ರದಾಯದ ಸಂನ್ಯಾಸಿನಿಯರು ಅಗ್ವಾರಿಕೊಗೆ ಬಂದರು. ಅವರಲ್ಲಿ ಒಬ್ಬರು ಸಿಸ್ಟರ್ ಇನೆಸ್ ಅರಾಂಗೊ. 1937ರಲ್ಲಿ ಮೆಡೆಯಿನ್ ನಗರದಲ್ಲಿ ಹುಟ್ಟಿದವರು. ಆಕೆಯೂ ವಾವೊರಾನಿಗಳ ನಡುವೆ ಹೋಗಿ ಬಂದು ಮಾಡತೊಡಗಿದರು. 1984ರಲ್ಲಿ ಅಗ್ವಾರಿಕೊ ಪ್ರಿಫೆಕ್ಚರಿಗೆ ವಿಕಾರಿಯೇಟಿನ ಪದವಿ ಬಂತು. ಆ ವರ್ಷದ ಡಿಸೆಂಬರಿನಲ್ಲಿ ಕೋಕಾ ಪಟ್ಟಣದಲ್ಲಿ ಲಬಾಕರಿಗೆ ಬಿಷಪ್ ದೀಕ್ಷೆಯಾಯಿತು. ಆಗ ಅವರ ವಯಸ್ಸು 64.

ಈಗ 1987. ಆ ವರ್ಷದ ಮಾರ್ಚ್ 5ರಂದು ಎಕ್ವಡೋರಿನ ಪೂರ್ವದ ಬೆಟ್ಟಗಳಲ್ಲಿ ಭೂಮಿ ನಡುಗಿತು. ಗುಡ್ಡಗಳು ಕುಸಿದು ತೈಲದ ಕೊಳವೆ ಹತ್ತಾರು ಕಿಲೋಮೀಟರುಗಳಷ್ಟು ಕೊಚ್ಚಿಹೋಯಿತು, ರಸ್ತೆ ಹೋಯಿತು, ಕಾಡಿನ ಸೀಮೆ ರಾಜಧಾನಿಯಿಂದ ಕಡಿದುಬಿತ್ತು. ತಿಂಗಳುಗಟ್ಟಲೆ ತೈಲದ ಮಾರಾಟ ನಿಂತು ಸರ್ಕಾರದ ಬೊಕ್ಕಸ ಒಣಗಿತು. ಹೊಸ ತೈಲಕ್ಕಾಗಿ ಹುಡುಕಾಟ ಮಾತ್ರ ನಿಲ್ಲಲಿಲ್ಲ. ನೆಲದಲ್ಲಿ ಸಿಡಿಮದ್ದು ಹೂತು ಸಿಡಿಸಿ, ಅದರ ಕಂಪನದಿಂದ ಆಳದಲ್ಲಿ ತೈಲವಿದೆಯೆ ಎಂದು ಪರೀಕ್ಷಿಸುವ ತಂಡಗಳು ತಗಾಯೆರಿಗಳ ಮನೆಗಳತ್ತ ಸರಿಯುತ್ತಿದ್ದುವು. ಎರಡು ಕಡೆಯವರೂ ಎದುರಾದರೆ ಈಟಿಗೆ ಕೋವಿ ಉತ್ತರ ಕೊಡುತ್ತದೆ. ಆ ಸಣ್ಣ ಗುಂಪು ಅಳಿದುಹೋಗುತ್ತದೆ. ಅಷ್ಟು ದೂರದ ಕಾಡಿನಲ್ಲಿ ಸತ್ತವರ ಸುದ್ದಿಯೂ ಹೊರಗೆ ಬರಲಾರದು. ಲಬಾಕರಿಗೆ ಇದ್ದ ಭಯ ಇದು. ನಾವು ಮೊದಲು ಹೋಗದಿದ್ದರೆ ಅವರನ್ನು ಕೊಂದುಬಿಡುತ್ತಾರೆ ಎಂಬುದೇ ಅವರು ಆಗ ಹೇಳುತ್ತಿದ್ದ ಮಾತಿನ ತಾತ್ಪರ್ಯ. ಮೊದಲು ತಾವು ಹೋಗಿ ಸ್ನೇಹ ಬೆಳೆಸಿದರೆ, ಇಲ್ಲಿ ಜನರಿದ್ದಾರೆ, ನೀವು ಬರಕೂಡದು ಎಂದು ತೈಲದವರನ್ನೂ ಸರ್ಕಾರವನ್ನೂ ತಡೆಯಬಹುದೆಂದು ಅವರು ನಂಬಿದರು.

ಹೋಗುವುದು ಹೇಗೆ? ನಡೆದು ಹೋಗಲು ದಾರಿಯಿಲ್ಲ. ಇದ್ದುದು ತೈಲಶೋಧನೆಯವರ ಹೆಲಿಕಾಪ್ಟರು. 1987ರ ಜುಲೈ 21ರ ಬೆಳಗ್ಗೆ ಅದರಿಂದ ಹಗ್ಗದ ಮೂಲಕ ಬಿಷಪ್ಪರನ್ನೂ ಸಿಸ್ಟರ್ ಇನೆಸ್ಸರನ್ನೂ ತಗಾಯೆರಿಗಳ ಮನೆಯೊಂದರ ಬಳಿ ಇಳಿಸಿ, ಹೆಲಿಕಾಪ್ಟರು ಹಿಂತಿರುಗಿತು. ಮರುದಿನ ಬಂದು ನೋಡಿದಾಗ ಇಬ್ಬರ ದೇಹಗಳೂ ಮೈತುಂಬ ಈಟಿಯ ಗಾಯಗಳೊಡನೆ ಬಿದ್ದಿದ್ದುವು. ಅವರಿಗೆ 67, ಆಕೆಗೆ 50. ಸಿಸ್ಟರ್ ಇನೆಸ್ ಹೊರಡುವ ಮುನ್ನ ತಮ್ಮ ಕೋಣೆಯಲ್ಲಿ ಒಂದು ಚೀಟಿಯನ್ನು ಬರೆದಿಟ್ಟಿದ್ದರು: ಸತ್ತರೆ ಸಂತೋಷದಿಂದಲೇ ಹೋಗುತ್ತೇನೆ, ಹೆಸರು ಕೀರ್ತಿ ನನಗೆ ಬೇಡ ಎಂದು ಅದರ ಸಾರಾಂಶ. ಇಬ್ಬರಿಗೂ ತಾವು ಹೋಗುತ್ತಿರುವುದು ಎಲ್ಲಿಗೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅವರ ಸಮಾಧಿ ಕೋಕಾದ ಪ್ರಧಾನ ದೇವಾಲಯದಲ್ಲಿದೆ.

ಈ ಕಥೆಯನ್ನು ಕೇಳಿ ಮುಗಿಸಿದಾಗ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರದು. ಅವರು ಹೋದುದು ಸರಿಯೆ? ಬೇಡವೆಂದು ಒಳಕ್ಕೆ ಸರಿದುಹೋದ ಜನರ ಅಂಗಳಕ್ಕೆ, ಕರೆಯದೆ, ಅದರಲ್ಲಿಯೂ ತೈಲದವರ ವಾಹನದಲ್ಲಿ ಇಳಿದರೆ ಅವರಿಗೆ ಗೊತ್ತಾಗುವುದು ಹೇಗೆ, ಇವರು ಮಿತ್ರರೆಂದು? ಆಕಾಶದಲ್ಲಿ ಗುಡುಗುತ್ತ ಬರುವ ಆ ಯಂತ್ರದ ಹಿಂದೆ ಸಿಡಿಮದ್ದೂ ರಸ್ತೆಯೂ ಬರುತ್ತವೆಂಬುದನ್ನು ಅವರು ಕಂಡಿದ್ದರು. ಒರೆಯಾನನ ದೋಣಿಯಲ್ಲಿ ಸಂನ್ಯಾಸಿ ಬಂದಂತೆಯೇ ಇದೂ ಆಯಿತಲ್ಲ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ತಳ್ಳಿಹಾಕುವುದು ಕಷ್ಟ. ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸುಮ್ಮನಿದ್ದಿದ್ದರೆ ಲಬಾಕರು ಇನ್ನೂ ಕೆಲಕಾಲ ಬಿಷಪ್ಪರಾಗಿ ಬಾಳುತ್ತಿದ್ದರು. ತಗಾಯೆರಿಗಳ ಗತಿ ಏನಾಗುತ್ತಿತ್ತೊ ಯಾರೂ ಕೇಳುತ್ತಿರಲಿಲ್ಲ. ಆ ಕಾಡಿನ ಜನರ ಹೆಸರು ದೇಶದ ಪತ್ರಿಕೆಗಳಲ್ಲಿ ಬರಬೇಕಾದರೆ ಎರಡು ಹೆಣಗಳು ಬೀಳಬೇಕಾಯಿತು. ಅವರ ದಾರಿಯ ಆಯ್ಕೆ ತಪ್ಪಿರಬಹುದು. ಅವರ ಭಯ ಮಾತ್ರ ಸುಳ್ಳಾಗಿರಲಿಲ್ಲ. ನಮ್ಮ ದೇಶಕ್ಕೂ ಈ ಪ್ರಶ್ನೆ ದೂರದ್ದಲ್ಲ. ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಯಾರೂ ಹೋಗಬಾರದೆಂದು ನಮ್ಮ ಸರ್ಕಾರದ ಕಟ್ಟಳೆಯಿದೆ; 2018ರಲ್ಲಿ ಅದನ್ನು ಮೀರಿ ಹೋದ ಅಮೆರಿಕದ ತರುಣನೊಬ್ಬ ಅಲ್ಲಿ ಸತ್ತುದು ನಿಮಗೆ ನೆನಪಿರಬಹುದು. ಅವನು ಹೋದುದು ಅವರಿಗೆ ತನ್ನ ಮತವನ್ನು ತಿಳಿಸಲು. ಲಬಾಕರು ಹೋದುದು ಅವರನ್ನು ಉಳಿಸಲು. ಹೋದವರ ಉದ್ದೇಶ ಬೇರೆ ಬೇರೆ. ಒಳಗಿನವರಿಗೆ ಕಂಡುದು ಮಾತ್ರ ಒಂದೇ.

ಈ ಪಾಠವನ್ನು ಅಗ್ವಾರಿಕೊದವರು ಮರೆಯಲಿಲ್ಲ. 1987ರ ತರುವಾಯ ಅಲ್ಲಿಯ ಕಪುಚಿನ್ನರ ದನಿ ಕೇಳಿಸಿದುದು ಆ ಜನರ ಮನೆಗೆ ಹೋಗುವ ಪರವಾಗಿ ಅಲ್ಲ. ಅವರನ್ನು ಅವರ ಪಾಡಿಗೆ ಬಿಡಿ ಎಂದು ರಾಜಧಾನಿಗೆ ಹೇಳುವ ಪರವಾಗಿ. ಆ ಕಾಡಿನಲ್ಲಿ 1979ರಲ್ಲಿಯೇ ಯಾಸುನಿ ರಾಷ್ಟ್ರೀಯ ಉದ್ಯಾನ ಏರ್ಪಟ್ಟಿತ್ತು. 1999ರಲ್ಲಿ ಸರ್ಕಾರ ತಗಾಯೆರಿ ಮತ್ತು ತಾರೊಮೆನಾನೆ ಎಂಬ ಇನ್ನೊಂದು ಅಜ್ಞಾತ ಗುಂಪಿನವರಿಗಾಗಿ ‘ಮುಟ್ಟಬಾರದ ವಲಯ’ವನ್ನು ಘೋಷಿಸಿತು, 2007ರಲ್ಲಿ ಅದರ ಗಡಿಯನ್ನು ಗುರುತಿಸಿದಾಗ ಅದರ ವಿಸ್ತಾರ 7 ಲಕ್ಷ ಹೆಕ್ಟೇರುಗಳಿಗೂ ಮಿಕ್ಕಿತ್ತು. ಕಾಗದದ ಮೇಲಿನ ಗೆರೆ ಈಟಿಯನ್ನೂ ಕೋವಿಯನ್ನೂ ತಡೆಯಲಾರದು. 2003ರಲ್ಲಿ ಹೊರಗಿನ ಸಂಪರ್ಕಕ್ಕೆ ಬಂದ ವಾವೊರಾನಿಗಳ ಒಂದು ತಂಡ ತಾರೊಮೆನಾನೆಗಳ ಮನೆಯ ಮೇಲೆ ಬಿದ್ದು ಹಲವರನ್ನು ಕೊಂದಿತು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. 2013ರ ಮಾರ್ಚಿನಲ್ಲಿ ವಾವೊರಾನಿ ವೃದ್ಧ ದಂಪತಿಗಳು ಈಟಿಗೆ ಬಲಿಯಾದರು. ಆ ತಿಂಗಳು ಕಳೆಯುವುದರೊಳಗೆ ಸೇಡು ತೀರಿಸಿಕೊಳ್ಳಲು ಹೋದವರು ಮತ್ತೆ ಕೊಂದು, ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಹಿಡಿದು ತಂದರು. ಈ ಕೊಲೆಗಳ ವಿಷಯವಾಗಿ ಕಪುಚಿನ್ ಗುರು ಮಿಗೆಲ್ ಆಂಹೆಲ್ ಕಬೊದೆವಿಯ ಮತ್ತು ಅವರ ಸಂಗಡಿಗರು ಬರೆದ ಪುಸ್ತಕ ಅದೇ ವರ್ಷ ಬಿಡುಗಡೆಯಾಗುವ ಹೊತ್ತಿಗೆ ನ್ಯಾಯಾಧೀಶರೊಬ್ಬರು ಅದನ್ನು ತಡೆಹಿಡಿದರು. ಕೂಗೆದ್ದ ಮೇಲೆ ತಡೆ ಹೋಯಿತು. ಮುಚ್ಚಿಟ್ಟ ದುರಂತ ಎಂದು ಆ ಪುಸ್ತಕದ ಹೆಸರು.

ಆಮೇಲಿನ ಸುದ್ದಿ ಸ್ವಲ್ಪ ಸಮಾಧಾನ ತರುವಂಥದು. 2023ರ ಆಗಸ್ಟ್ 20ರಂದು ಎಕ್ವಡೋರಿನ ಪ್ರಜೆಗಳು ಜನಮತಗಣನೆಯಲ್ಲಿ ಯಾಸುನಿಯ ಒಂದು ದೊಡ್ಡ ತೈಲಕ್ಷೇತ್ರದ ಎಣ್ಣೆಯನ್ನು ನೆಲದಲ್ಲಿಯೇ ಬಿಡಬೇಕೆಂದು ತೀರ್ಮಾನಿಸಿದರು. ಹಾಗೆ ಹೇಳಿದವರು ನೂರಕ್ಕೆ ಸುಮಾರು 59 ಮಂದಿ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಖಂಡದ ರಾಷ್ಟ್ರಗಳ ಮಾನವ ಹಕ್ಕುಗಳ ನ್ಯಾಯಾಲಯವು, ಹೊರಗಿನವರ ಸಂಪರ್ಕ ಬೇಡವೆಂದು ಬಾಳುವ ಈ ಜನರನ್ನು ಕಾಪಾಡುವ ಕರ್ತವ್ಯದಲ್ಲಿ ಎಕ್ವಡೋರ್ ಸರ್ಕಾರ ತಪ್ಪಿದೆ ಎಂದು ತೀರ್ಪಿತ್ತಿತು. ನ್ಯಾಯಾಲಯದ ಮುಂದೆ ಅವರಾಗಿ ಬಂದು ನಿಲ್ಲಲಾರರು, ವಕೀಲರಿಗೆ ಸಹಿ ಹಾಕಿಕೊಡಲಾರರು. ತಮ್ಮ ಪರವಾಗಿ ತೀರ್ಪಾಯಿತೆಂಬುದೂ ಅವರಿಗೆ ತಿಳಿಯದು. ಅವರ ಪರವಾಗಿ ಬೇರೆಯವರೇ ಮಾತನಾಡಬೇಕು.

ರೋಮಿನಲ್ಲಿಯೂ ಒಂದು ತೀರ್ಮಾನವಾಯಿತು. 2025ರ ಮೇ 22ರಂದು 14ನೆಯ ಲಿಯೊ ಪೋಪರು ಲಬಾಕರಿಗೂ ಸಿಸ್ಟರ್ ಇನೆಸ್ಸರಿಗೂ ಪೂಜ್ಯರೆಂಬ ಬಿರುದನ್ನು ಮನ್ನಿಸುವ ಆಜ್ಞೆಗೆ ಒಪ್ಪಿಗೆಯಿತ್ತರು. ಕೇರಳದ ಕೋಟ್ಟಯಂನಲ್ಲಿ ಅಪೋಸ್ತಲಿಕ ವಿಕಾರರಾಗಿದ್ದ ಮಾತ್ಯು ಮಾಕಿಲ್ ಅವರಿಗೂ ಆ ಗೌರವ ಸಂದುದು ಅದೇ ದಿನ. ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ನೀವು ಗಮನಿಸಬೇಕು. ಲಬಾಕ ಮತ್ತು ಇನೆಸ್ಸರನ್ನು ರೋಮಿನವರು ಹುತಾತ್ಮರ ಸಾಲಿಗೆ ಸೇರಿಸಲಿಲ್ಲ. ಹುತಾತ್ಮನೆನ್ನಬೇಕಾದರೆ ಕೊಂದವರು ಧರ್ಮದ್ವೇಷದಿಂದ ಕೊಂದಿರಬೇಕು. ತಗಾಯೆರಿಗಳಿಗೆ ಆ ಧರ್ಮದ ಹೆಸರೂ ಗೊತ್ತಿರಲಿಲ್ಲ; ಅವರು ಕೊಂದುದು ಮನೆಗೆ ನುಗ್ಗಿದವರನ್ನು. ಆದ್ದರಿಂದ ಈ ಇಬ್ಬರಿಗೆ ಗೌರವ ಸಂದುದು 2017ರಲ್ಲಿ ಫ್ರಾನ್ಸಿಸ್ ಪೋಪರು ಏರ್ಪಡಿಸಿದ ಬೇರೊಂದು ದಾರಿಯಲ್ಲಿ: ಪರರಿಗಾಗಿ ಪ್ರಾಣವನ್ನು ಅರ್ಪಿಸಿದವರು ಎಂದು. ಸತ್ತವರನ್ನು ಮನ್ನಿಸುವುದಕ್ಕಾಗಿ ಕೊಂದವರನ್ನು ಪಾಪಿಗಳೆನ್ನಬೇಕಾದ ಅಗತ್ಯ ಹೀಗೆ ತಪ್ಪಿತು. ಬದುಕಿದ್ದರೆ ಲಬಾಕರು ಇದಕ್ಕಿಂತ ಹೆಚ್ಚಿನದನ್ನು ಕೇಳುತ್ತಿದ್ದರೆಂದು ನನಗೆ ತೋರುವುದಿಲ್ಲ.

ಒಂದು ಧರ್ಮಸೀಮೆಯ ಅಧಿಕಾರಿ ತನ್ನ ಗಡಿಯೊಳಗಿನ ಪ್ರತಿಯೊಂದು ಮನೆಯ ಬಾಗಿಲಿಗೂ ಹೋಗತಕ್ಕವನು ಎಂದು ನಾವು ತಿಳಿದಿರುತ್ತೇವೆ. ಅಗ್ವಾರಿಕೊ ಸೀಮೆಯಲ್ಲಿ ಹೋಗಬಾರದ ಮನೆಗಳೂ ಇವೆ. ಅಲ್ಲಿಯವರ ಹೆಸರು ಯಾವ ದಾಖಲೆ ಪುಸ್ತಕದಲ್ಲಿಯೂ ಇಲ್ಲ. ಅವರು ಎಷ್ಟು ಮಂದಿ ಎಂದು ಎಣಿಸಿದವರಿಲ್ಲ. ವಿಮಾನದಿಂದ ನೋಡಿದಾಗ ಒಮ್ಮೊಮ್ಮೆ ಗರಿಯ ಮಾಡೊಂದು, ಸುತ್ತ ಮರಗೆಣಸಿನ ಸಣ್ಣ ತೋಟವೊಂದು ಕಾಣಿಸುತ್ತದೆ. ಹಾಗೆ ಕಂಡಾಗ ವಿಮಾನ ಕೆಳಕ್ಕೆ ಇಳಿಯಬಾರದು. ತಗಾಯೆರಿಗಳ ಅಂಗಳದಲ್ಲಿ ಎರಡು ಜೀವಗಳು ಹೋದ ಮೇಲೆ ಆ ಸೀಮೆ ಕಲಿತ ನಡತೆ ಇದು.